ನೆಲೆ ತಪ್ಪಿದ ಗರ್ಭ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಆಷಾಢದ ಮಳೆ ಹಿಡಿದರೆ ತೋಟದ ಮನೆಯಿಂದ ಡಾಂಬರು ರಸ್ತೆಗೆ ಬಂದು ಸೇರುವುದೇ ಒಂದು ಪ್ರಯಾಸ. ಹೆಚ್ಚಿನ ಚಿಕಿತ್ಸೆಗೆ ಶಿವಮೊಗ್ಗವೋ, ಆಗುಂಬೆ ಘಾಟಿಯಿಳಿದು ಮಣಿಪಾಲವೋ ಆಗಬೇಕು. ಆದುದರಿಂದ ಅಸ್ಥಾನಗರ್ಭದ ಲಕ್ಷಣಗಳನ್ನು ಇಲ್ಲಿಯವರು ಪಟ್ಟಣಿಗರಿಗಿಂತ ಮೊದಲೇ ಗುರುತಿಸಬೇಕು.

ಗರ್ಭಕೋಶದಲ್ಲಿ ನೆಲೆಯೂರಬೇಕಾದ ಪಿಂಡವು ಹೊರಗೆ, ಬಹುಮಟ್ಟಿಗೆ ಅಂಡನಾಳದಲ್ಲಿ, ಬೆಳೆಯತೊಡಗುವುದೇ ಅಸ್ಥಾನಗರ್ಭ. ನೂರರಲ್ಲಿ ಒಂದೆರಡು ಗರ್ಭಗಳು ಹೀಗಾಗುತ್ತವೆ. ಸಪೂರವಾದ ನಾಳ ಒಡೆದರೆ ರಕ್ತವೆಲ್ಲ ಹೊಟ್ಟೆಯೊಳಗೇ ಹರಿಯುತ್ತದೆ. ಹೊರಗೆ ಕಾಣುವುದು ಒಂದಿಷ್ಟು ಕಲೆ ಮಾತ್ರ. ಮೋಸವಿರುವುದು ಇಲ್ಲಿಯೇ.

ತಿಂಗಳು ತಪ್ಪಿದವಳಿಗೆ ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ನೋವು, ಅಲ್ಪ ರಕ್ತಸ್ರಾವ, ತಲೆಸುತ್ತು ಕಂಡರೆ ವಾಯುವೆಂದು ಬಗೆದು, ಜೀರಿಗೆ ಕಷಾಯ ಕುಡಿಸಿ, ಬೆಳಗಾಗಲೆಂದು ಕಾಯಬಾರದು. ಹೆಗಲ ತುದಿಯ ನೋವು ಇನ್ನೂ ಕೆಟ್ಟ ಸೂಚನೆ. ಒಳಗೆ ಸೋರಿದ ರಕ್ತವು ಹೊಟ್ಟೆಯ ಮೇಲಣ ವಪೆಯನ್ನು ಕೆಣಕಿದಾಗ ಅದು ಹುಟ್ಟುತ್ತದೆ. ಒಡನೆ 108ಕ್ಕೆ ಕರೆ ಹೋಗಬೇಕು. ಸಂತಾನಹರಣ ಶಸ್ತ್ರಕ್ರಿಯೆ ಆಗಿದೆಯೆಂಬ ನಿಶ್ಚಿಂತೆಯೂ ಸಲ್ಲದು. ಆ ಬಳಿಕ ಅಪರೂಪಕ್ಕೆ ನಿಲ್ಲುವ ಗರ್ಭ ನಾಳದಲ್ಲಿರುವ ಸಂಭವ ಸಾಮಾನ್ಯಕ್ಕಿಂತ ಹೆಚ್ಚು.

ಪರೀಕ್ಷೆಯಲ್ಲಿ ಗರ್ಭ ನಿಂತಿದ್ದು, ಸ್ಕ್ಯಾನಿನಲ್ಲಿ ಗರ್ಭಕೋಶ ಬರಿದಾಗಿದ್ದರೆ, ಎಚ್‌ಸಿಜಿ ಎಂಬ ರಕ್ತಪರೀಕ್ಷೆಯನ್ನು 48 ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಾಡುತ್ತಾರೆ. ನಾಳ ಒಡೆಯದೆ ಗರ್ಭ ಚಿಕ್ಕದಿದ್ದರೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಸಾಕಾದೀತು. ಆದರೆ ಅನಂತರದ ರಕ್ತಪರೀಕ್ಷೆಗಳನ್ನು ತಪ್ಪಿಸಕೂಡದು. ಒಡೆದಿದ್ದರೆ ಶಸ್ತ್ರಕ್ರಿಯೆಯೇ ಗತಿ. 1883ರಲ್ಲಿ ಇಂಗ್ಲೆಂಡಿನ ಲಾಸನ್ ಟೇಟ್ ಹೀಗೆ ರೋಗಿಯನ್ನು ಉಳಿಸಿ ತೋರಿದನು. ಆ ಪಿಂಡವನ್ನು ಗರ್ಭಕೋಶಕ್ಕೆ ಸಾಗಿಸುವ ಉಪಾಯ ಮಾತ್ರ ವೈದ್ಯರಲ್ಲಿ ಇಂದಿಗೂ ಇಲ್ಲ.

ಒಂದು ನಾಳ ಹೋದರೂ ಇನ್ನೊಂದು ನೆಟ್ಟಗಿದ್ದರೆ ಮಗುವಿನ ಆಸೆ ಬಿಡಬೇಕಾಗಿಲ್ಲ. ಮುಂದಿನ ಸಲ ಆರೇಳನೆಯ ವಾರದಲ್ಲೇ ಸ್ಕ್ಯಾನ್ ಮಾಡಿಸಿ, ಪಿಂಡ ಎಲ್ಲಿದೆಯೆಂದು ನೋಡಿಸತಕ್ಕದ್ದು.