ಬ್ಯಾಂಕಾಕ್‌ನಲ್ಲಿ ಓಡಿದ ನಮ್ಮ ಹನುಮಪ್ಪ: ಆಟಗಾರರನ್ನು ನೆನಪಿಡೋದು ಹೇಗೆ?

ಕೊಪ್ಪಳದಿಂದ ಮಾತಾಡ್ತಾ ಇದ್ದೀನಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕೇಳೋರಿಗೂ, ದುಡಿಯೋಕಂತ ಬೆಂಗಳೂರು, ಪುಣೆ, ಗೋವಾ ಸೇರಿದೋರಿಗೂ ಸ್ವಾಗತ. ಕೇಳೋಕೆ ಪುರುಸೊತ್ತಿಲ್ಲದವರು ಓದ್ಲಿ ಅಂತ ಎಂದಿನಂತೆ ಈ ಬರಹರೂಪ.

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಥಾಯ್ಲೆಂಡ್, ಹಳೆಯ ಕ್ರೀಡಾಪಟುಗಳು, ಮತ್ತೆ ನಮ್ಮ ಅಂಜನಾದ್ರಿ ಬೆಟ್ಟ. ಈ ಮೂರನ್ನೂ ಒಂದೇ ಕಡೆ ತಂದಿದ್ದು ನಾನಲ್ಲ, 2023ರ ಜುಲೈ ತಿಂಗಳ ಒಂದು ಸುದ್ದಿ.

ಆ ತಿಂಗಳು 12ರಿಂದ 16ರವರೆಗೆ ಬ್ಯಾಂಕಾಕ್‌ನಲ್ಲಿ 25ನೇ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ನಡೀತು. ಅದರ ಲಾಂಛನ ಯಾರು ಗೊತ್ತೇನ್ರಿ? ಹನುಮಂತ. ವೇಗ, ಬಲ, ಧೈರ್ಯ, ಬುದ್ಧಿ, ಎಲ್ಲಕ್ಕಿಂತ ಹೆಚ್ಚಾಗಿ ನಿಷ್ಠೆ, ಇವು ಓಟಗಾರನಿಗೆ ಬೇಕಾದ ಗುಣಗಳು, ಅದಕ್ಕೇ ಹನುಮಂತನನ್ನು ಆರಿಸಿದ್ದೀವಿ ಅಂತ ಸಂಘಟಕರು ಹೇಳಿದ್ದರು. ನಮ್ಮ ಕಡೆ ಆ ಚಿತ್ರ ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿತು. "ನೋಡ್ರಿ, ನಮ್ಮ ಆಂಜನೇಯ ಬ್ಯಾಂಕಾಕ್‌ಗೆ ಹೋಗ್ಯಾನ" ಅಂತ ಎಲ್ಲರಿಗೂ ಖುಷಿ.

ಖುಷಿ ಪಡಬೇಕಾದ್ದೇ. ಹನುಮಪ್ಪನ ಗುಡಿ ಇಲ್ಲದ ಊರು ನಮ್ಮ ಸೀಮೆಯಲ್ಲಿ ಸಿಗೋದು ಕಷ್ಟ. ಗಂಗಾವತಿ ತಾಲೂಕಿನಲ್ಲಿ ಆನೆಗೊಂದಿ ಹತ್ತಿರ 575 ಮೆಟ್ಟಿಲು ಹತ್ತಿದರೆ ಅಂಜನಾದ್ರಿ. ಕುಷ್ಟಗಿ ತಾಲೂಕಿನಲ್ಲಿ ಹನುಮಸಾಗರ ಅಂತಲೇ ಒಂದು ಊರಿದೆ. ಮನೆಗೊಬ್ಬ ಹನುಮಂತಪ್ಪ, ಮಾರುತಿ, ಹನುಮವ್ವ ಇದ್ದೇ ಇರ್ತಾರೆ. ಆದರೆ ಆ ಸುದ್ದಿಯನ್ನು ನಾವು ಅರ್ಧ ಮಾತ್ರ ಓದಿದೆವು. ಲಾಂಛನ ನೋಡಿದೆವು, ಓಡಿದವರನ್ನು ನೋಡಲಿಲ್ಲ.

ಅಲ್ಲಿ ಓಡಿದವರು ಯಾರು?

ಆ ಐದು ದಿನದಲ್ಲಿ ಭಾರತಕ್ಕೆ 27 ಪದಕ ಬಂತು. 6 ಚಿನ್ನ, 12 ಬೆಳ್ಳಿ, 9 ಕಂಚು. ಜಪಾನ್, ಚೀನಾ ಬಿಟ್ಟರೆ ಮೂರನೇ ಸ್ಥಾನ ನಮ್ಮದು. ಪಕ್ಕದ ಆಂಧ್ರದ ವಿಶಾಖಪಟ್ಟಣದ ಹುಡುಗಿ ಜ್ಯೋತಿ ಯರ್ರಾಜಿ 100 ಮೀಟರ್ ಹರ್ಡಲ್ಸ್ ಅನ್ನು 13.09 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದಳು. ಈ ಸ್ಪರ್ಧೆಯಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಚಿನ್ನ ಗೆದ್ದ ಮೊದಲ ಭಾರತೀಯಳು ಆಕೆ. ತಜಿಂದರ್‌ಪಾಲ್ ಸಿಂಗ್ ತೂರ್ ಗುಂಡೆಸೆತದಲ್ಲಿ, ಪಾರುಲ್ ಚೌಧರಿ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ, ಅಬ್ದುಲ್ಲಾ ಅಬೂಬಕ್ಕರ್ ಟ್ರಿಪಲ್ ಜಂಪ್‌ನಲ್ಲಿ ಚಿನ್ನ ತಂದರು. ನಮ್ಮ ಫಾರ್ವರ್ಡ್ ಮೆಸೇಜ್‌ಗಳಲ್ಲಿ ಇವರ ಹೆಸರು ಎಷ್ಟಿದ್ದವು, ನೀವೇ ಹಿಂದೆ ಹೋಗಿ ನೋಡ್ರಿ.

ಕೂಟ ಮುಗಿದ ನಾಲ್ಕನೇ ದಿನ, ಜುಲೈ 20ಕ್ಕೆ, ಬಾಸುಮತಿ ಅಲ್ಲದ ಬಿಳಿ ಅಕ್ಕಿ ರಫ್ತನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಗಂಗಾವತಿ ಅಂದರೆ ಭತ್ತದ ಕಣಜ, ಗೊತ್ತಲ್ಲ. ಅಕ್ಕಿ ರಫ್ತಿನಲ್ಲಿ ಭಾರತಕ್ಕೆ ಎದುರಾಳಿ ಅಂದರೆ ಥಾಯ್ಲೆಂಡ್. ಆಗಸ್ಟ್ ಹೊತ್ತಿಗೆ ಥಾಯ್ ಅಕ್ಕಿ ದರ ಸುಮಾರು 15 ವರ್ಷದಲ್ಲೇ ಅತಿ ಹೆಚ್ಚಿಗೆ ಏರಿತು. ಅಕ್ಕಿ ವ್ಯಾಪಾರಸ್ಥರ ಬಾಯಲ್ಲಿ ಆಗ ಬ್ಯಾಂಕಾಕ್ ಅಂದರೆ ಅಕ್ಕಿ ದರ ಅನ್ನೋ ಹಾಗಾಯ್ತು. ಜ್ಯೋತಿಯ ಚಿನ್ನ ಹಿಂದೆ ಬಿತ್ತು. ಇದು ಯಾರ ತಪ್ಪೂ ಅಲ್ಲ. ಸುದ್ದಿಯ ಸ್ವಭಾವವೇ ಹಂಗ. ಹೊಸದು ಬಂದರೆ ಹಳೆಯದು ಜಾಗ ಬಿಡಬೇಕು.

ನೆನಪು ಸುದ್ದಿಯನ್ನೇ ನಂಬಿಕೊಂಡರೆ ಎಷ್ಟು ದಿನ ಉಳೀತದೆ ಅನ್ನೋದು ಈ ಕಂತಿನ ಪ್ರಶ್ನೆ.

ಒಂದು ದಿನದ ಶ್ರದ್ಧಾಂಜಲಿ

ಥಾಯ್ಲೆಂಡ್ ಅಂದ ಕೂಡಲೇ ಕ್ರಿಕೆಟ್ ನೋಡೋರಿಗೆ ಇನ್ನೊಂದು ದಿನ ನೆನಪಾಗ್ತದೆ, 2022ರ ಮಾರ್ಚ್ 4. ಅವತ್ತು ಆಸ್ಟ್ರೇಲಿಯಾದ ಹಳೆಯ ವಿಕೆಟ್ ಕೀಪರ್ ರಾಡ್ ಮಾರ್ಷ್ ತೀರಿಕೊಂಡರು. ಅವರಿಗೆ ಶೇನ್ ವಾರ್ನ್ ಸಾಮಾಜಿಕ ಜಾಲತಾಣದಲ್ಲಿ ಸಂತಾಪ ಬರೆದರು. ಕೆಲವೇ ಗಂಟೆಗಳಲ್ಲಿ ಥಾಯ್ಲೆಂಡ್‌ನ ಕೊ ಸಮುಯಿ ದ್ವೀಪದಲ್ಲಿ ವಾರ್ನ್ ಕೂಡ ಹೋಗಿಬಿಟ್ಟರು. 52 ವರ್ಷ ವಯಸ್ಸು. 708 ಟೆಸ್ಟ್ ವಿಕೆಟ್ ಪಡೆದ ಮನುಷ್ಯ.

ಸುದ್ದಿ ವಾಹಿನಿಗಳು ಎರಡು ಮೂರು ದಿನ ಆ ದ್ವೀಪವನ್ನೇ ತೋರಿಸಿದವು. ಅದು ಈಗ ಯಾರಿಗೂ ಸರಿಯಾಗಿ ನೆನಪಿಲ್ಲ. ಆದರೆ ಇವತ್ತಿಗೂ ನಮ್ಮೂರ ಹುಡುಗರು ಟೆನಿಸ್ ಬಾಲ್ ಹಿಡಿದು ಮಣಿಕಟ್ಟು ತಿರುವಿ ಲೆಗ್ ಬ್ರೇಕ್ ಹಾಕೋಕೆ ನೋಡ್ತಾರಲ್ಲ, ವಾರ್ನ್ ಉಳಿದಿರೋದು ಅಲ್ಲಿ. ನಮ್ಮ ಅನಿಲ್ ಕುಂಬ್ಳೆ ಅವರ 619 ವಿಕೆಟ್ ಉಳಿದಿರೋದೂ ಬರೀ ದಾಖಲೆ ಪುಸ್ತಕದಲ್ಲಲ್ಲ, ಬಾಲ್ ತಿರುಗದೇ ಇದ್ದರೂ ಬ್ಯಾಟ್ಸ್‌ಮನ್‌ನನ್ನು ಕಾಡಬಹುದು ಅಂತ ನಂಬಿದ ಪ್ರತಿ ಬೌಲರ್ ಕೈಯಲ್ಲಿ.

ಕ್ರಿಕೆಟ್‌ಗೆ ಆ ಭಾಗ್ಯ ಇದೆ, ದಿನಾ ಆಡ್ತಾರೆ, ದಿನಾ ತೋರಿಸ್ತಾರೆ. ಉಳಿದವರ ಕಥೆ ಏನು? ಬ್ಯಾಂಕಾಕ್‌ಗೇ ಮತ್ತೆ ಹೋಗೋಣ.

ಏಷ್ಯನ್ ಗೇಮ್ಸ್ ಹಾಕಿಯಲ್ಲಿ ಭಾರತ ಮೊದಲ ಸಲ ಚಿನ್ನ ಗೆದ್ದಿದ್ದು 1966ರಲ್ಲಿ, ಬ್ಯಾಂಕಾಕ್‌ನಲ್ಲಿ, ಪಾಕಿಸ್ತಾನವನ್ನು 1-0ಯಿಂದ ಸೋಲಿಸಿ. ನಾಯಕ ಶಂಕರ್ ಲಕ್ಷ್ಮಣ್, ಗೋಲ್‌ಕೀಪರ್. ಎರಡನೇ ಚಿನ್ನಕ್ಕೆ 32 ವರ್ಷ ಕಾಯಬೇಕಾಯ್ತು. ಅದೂ ಬ್ಯಾಂಕಾಕ್‌ನಲ್ಲೇ, 1998ರ ಡಿಸೆಂಬರ್‌ನಲ್ಲಿ. ನಮ್ಮ ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾಗಿ ಆಗಿನ್ನೂ ಒಂದು ವರ್ಷದ ಮೇಲೆ ಸ್ವಲ್ಪ ದಿನ ಆಗಿತ್ತು. ನಾಯಕ ಧನರಾಜ್ ಪಿಳ್ಳೈ, ಕೋಚ್ ಎಂ.ಕೆ. ಕೌಶಿಕ್. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಜೊತೆ ಆಟ ಸಮ ಆಯ್ತು, ಟೈಬ್ರೇಕರ್‌ಗೆ ಹೋಯ್ತು. ಅಲ್ಲಿ ಗೋಡೆ ಹಂಗ ನಿಂತೋನು ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳ್.

ಆಮೇಲೆ ಏನಾಯ್ತು? ಚಿನ್ನ ತಂದ ಕೆಲವೇ ದಿನಗಳಲ್ಲಿ ಧನರಾಜ್, ಆಶಿಶ್ ಸೇರಿ ಹಲವರನ್ನು ತಂಡದಿಂದ ಕೈಬಿಟ್ಟರು. ಕೋಚ್ ಕೂಡ ಹೋದರು. ಶಂಕರ್ ಲಕ್ಷ್ಮಣ್ 2006ರಲ್ಲಿ ಮಧ್ಯಪ್ರದೇಶದ ಮ್ಹಾವ್‌ನಲ್ಲಿ ಬಡತನದಲ್ಲೇ ತೀರಿಕೊಂಡರು. ಕೌಶಿಕ್ 2021ರ ಮೇನಲ್ಲಿ ಕೋವಿಡ್‌ಗೆ ಬಲಿಯಾದರು. ಆ ದಿನಗಳಲ್ಲಿ ಸಾವಿನ ಸುದ್ದಿಗಳ ರಾಶಿಯೊಳಗೆ ಅದೂ ಒಂದಾಯ್ತು.

ಇನ್ನೊಬ್ಬರ ಹೆಸರು ಹೇಳ್ತೀನಿ, ಕೆನ್ನೆತ್ ಪೊವೆಲ್. ಕೋಲಾರದಲ್ಲಿ ಹುಟ್ಟಿದ ಓಟಗಾರ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಓಡಿದವರು, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ 4x100 ಮೀಟರ್ ರಿಲೇ ಕಂಚು ಗೆದ್ದ ತಂಡದಲ್ಲಿದ್ದರು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಕರ್ನಾಟಕದ ಎಷ್ಟು ಶಾಲೆಯಲ್ಲಿ ರಿಲೇ ಓಡೋ ಮಕ್ಕಳಿಗೆ ಈ ಹೆಸರು ಗೊತ್ತಿದೆ?

ಥಾಯ್ ಜನ ಹನುಮಂತನನ್ನು ಉಳಿಸಿಕೊಂಡ ರೀತಿ

ಈಗ ಲಾಂಛನದ ಮಾತಿಗೆ ವಾಪಸ್ ಬರೋಣ. ಥಾಯ್ಲೆಂಡ್ ಬೌದ್ಧರು ಹೆಚ್ಚಿರೋ ದೇಶ. ಅವರಿಗೆ ಹನುಮಂತ ಎಲ್ಲಿಂದ ಬಂದ? ಅವರ ರಾಮಾಯಣಕ್ಕೆ ರಾಮಕಿಯೆನ್ ಅಂತಾರೆ, ರಾಮನ ಕೀರ್ತಿ ಅಂತ ಅರ್ಥ. 18ನೇ ಶತಮಾನದ ಕೊನೆಯಲ್ಲಿ ಚಕ್ರಿ ವಂಶದ ಮೊದಲ ರಾಜ ಒಂದನೇ ರಾಮ ಅದನ್ನು ದೊಡ್ಡ ಕಾವ್ಯವಾಗಿ ಬರೆಸಿದ. ಅದರಲ್ಲಿ ದಶಕಂಠ ರಾವಣ ತೋತ್ಸಕನ್ ಆಗ್ತಾನೆ, ಸುಗ್ರೀವ ಸುಕ್ರೀಪ್ ಆಗ್ತಾನೆ. ನಮ್ಮ ಆನೆಗೊಂದಿ ಸುತ್ತಲಿನ ಸೀಮೆಯನ್ನು ನಾವು ಕಿಷ್ಕಿಂಧೆ ಅಂತೀವಲ್ಲ, ಆ ಕಿಷ್ಕಿಂಧೆ ಅವರ ಬಾಯಲ್ಲಿ ಖೀತ್‌ಖಿನ್.

ಅವರ ಹನುಮಂತ ನಮ್ಮವನ ಹಾಗಲ್ಲ. ಬಿಳಿ ಬಣ್ಣದವನು, ತುಂಟ, ಬ್ರಹ್ಮಚಾರಿಯೂ ಅಲ್ಲ. ಸೇತುವೆ ಕಟ್ಟುವಾಗ ಕಲ್ಲು ಕದಿಯೋ ಮತ್ಸ್ಯಕನ್ಯೆ ಸುವನ್ನಮಚ್ಛಾ, ಅಂದರೆ ಸುವರ್ಣಮತ್ಸ್ಯ, ಅವಳ ಜೊತೆ ಪ್ರೀತಿ, ಮಚ್ಛಾನು ಅನ್ನೋ ಮಗ. ನಮಗೆ ಕೇಳೋಕೆ ಕಸಿವಿಸಿ ಆಗಬಹುದು. ಹನುಮಂತ ಹುಟ್ಟಿದ್ದು ನಮ್ಮ ಅಂಜನಾದ್ರಿಯೋ ತಿರುಮಲದ್ದೋ ಅಂತ 2021ರಲ್ಲಿ ನಮ್ಮಲ್ಲಿ ದೊಡ್ಡ ವಾದ ನಡೀತಲ್ಲ, ಥಾಯ್ ಜನರಿಗೆ ಆ ಚಿಂತೆ ಇಲ್ಲ. ಅವರಿಗೆ ಅವನು ಏನು ಮಾಡ್ತಾನೆ ಅನ್ನೋದು ಮುಖ್ಯ. ಬ್ಯಾಂಕಾಕ್‌ನ ವಾಟ್ ಫ್ರಾ ಕೆವ್ ದೇವಾಲಯದ ಪಡಸಾಲೆಯಲ್ಲಿ ಈ ಕಥೆಯ 178 ಭಿತ್ತಿಚಿತ್ರಗಳಿವೆ. ಖೋನ್ ಅನ್ನೋ ಮುಖವಾಡದ ನೃತ್ಯನಾಟಕದಲ್ಲಿ ಹುಡುಗರು ಸಣ್ಣ ವಯಸ್ಸಿನಿಂದಲೇ ವಾನರನ ಲಾಗ, ನೆಗೆತ ಕಲೀತಾರೆ. ಕಥೆ ಅವರ ಮೈಗೆ ಇಳಿದಿದೆ, ಅದಕ್ಕೇ ಉಳಿದಿದೆ.

ಕ್ರೀಡೆಯಲ್ಲೂ ಹಾಗೇ. ಮುವಾಯ್ ಥಾಯ್ ಅನ್ನೋ ಅವರ ಬಾಕ್ಸಿಂಗ್ ನೋಡಿದ್ದೀರೇನ್ರಿ? ಪಂದ್ಯಕ್ಕೆ ಮುಂಚೆ ಆಟಗಾರ ರಿಂಗ್ ಸುತ್ತಿ, ಮಂಡಿಯೂರಿ, ಮೂರು ಸಲ ಬಾಗಿ ನಮಸ್ಕಾರ ಮಾಡ್ತಾನೆ. ಅದಕ್ಕೆ ವಾಯ್ ಕ್ರು ಅಂತಾರೆ. ಕ್ರು ಅಂದರೆ ನಮ್ಮ ಗುರು ಪದವೇ. ತಲೆಗೆ ಕಟ್ಟೋ ಪಟ್ಟಿ ಮೊಂಕೊನ್, ಅದು ನಮ್ಮ ಮಂಗಳ. ಹೊಡೆದಾಟಕ್ಕೆ ಇಳಿಯೋ ಮುಂಚೆ ತನಗೆ ಕಲಿಸಿದೋರನ್ನು ನೆನೆಯದೆ ಪಂದ್ಯ ಶುರುವಾಗಲ್ಲ. ಶಾಲೆಗಳಲ್ಲೂ ವರ್ಷಕ್ಕೊಮ್ಮೆ ವಾಯ್ ಕ್ರು ದಿನ ಇದೆ, ಸಾಮಾನ್ಯವಾಗಿ ಗುರುವಾರವೇ. ಥಾಯ್ ಭಾಷೆಯಲ್ಲಿ ಗುರುವಾರದ ಹೆಸರು ಬಂದಿರೋದು ಬೃಹಸ್ಪತಿಯಿಂದ. ಎಷ್ಟು ಹತ್ತಿರದ ನಂಟು ನೋಡ್ರಿ.

ನಮ್ಮಲ್ಲಿ ಇಲ್ಲವೇ?

ನಮ್ಮಲ್ಲೂ ಇತ್ತು, ಈಗಲೂ ಇದೆ. ಗರಡಿ ಮನೆಗೆ ಕಾಲಿಡೋ ಪೈಲ್ವಾನ ಮೊದಲು ಹನುಮಪ್ಪನ ಮೂರ್ತಿಗೆ ಕೈ ಮುಗೀತಾನೆ, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ತಾನೆ, ಉಸ್ತಾದರ ಕಾಲು ಮುಟ್ತಾನೆ. ಇದು ನಮ್ಮ ವಾಯ್ ಕ್ರು.

ಕೊಪ್ಪಳದ ಹತ್ತಿರ ಮೋರನಾಳ ಅನ್ನೋ ಹಳ್ಳಿ ಇದೆ. ಅಲ್ಲಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಆಗ ಅವರಿಗೆ 96 ವರ್ಷ. ಅವರು ಜೀವನಪೂರ್ತಿ ಮಾಡಿದ್ದು ತೊಗಲುಗೊಂಬೆ ಆಟ, ರಾಮಾಯಣ ಮಹಾಭಾರತದ ಕಥೆಗಳು. ಥಾಯ್ಲೆಂಡ್‌ನಲ್ಲೂ ತೊಗಲುಗೊಂಬೆ ಇದೆ, ನಾಂಗ್ ಯಾಯ್ ಅಂತಾರೆ, ದೊಡ್ಡ ತೊಗಲು ಅಂತ ಅರ್ಥ. ಅಲ್ಲಿ ಆಳೆತ್ತರದ ಗೊಂಬೆ ಹಿಡಿದು ಪರದೆ ಮುಂದೆಯೇ ಕುಣೀತಾರೆ, ಇಲ್ಲಿ ಪರದೆ ಹಿಂದೆ ಕೂತು ಆಡಿಸ್ತಾರೆ. ಎರಡೂ ಕಡೆ ಹನುಮಂತ ಲಂಕೆಗೆ ಹಾರ್ತಾನೆ. ಭೀಮವ್ವನ ಪ್ರಶಸ್ತಿಯ ಸುದ್ದಿ ಒಂದು ವಾರ ಇತ್ತು. ಆ ಒಂದು ವಾರಕ್ಕೂ ಮುಂಚೆ ಎಂಟು ದಶಕ ಆ ಕಥೆಯನ್ನು ಉಳಿಸಿದ್ದು ಸುದ್ದಿಯಲ್ಲ, ರಾತ್ರಿಯಿಡೀ ದೀಪದ ಮುಂದೆ ನಡೆದ ಆಟ.

ನಮ್ಮ ಓಟಗಾರರಿಗೆ, ಹಾಕಿ ಆಟಗಾರರಿಗೆ ಇಲ್ಲದೇ ಇರೋದು ಇದೇ. ಅವರ ಕಥೆಯನ್ನು ಮತ್ತೆ ಮತ್ತೆ ಹೇಳೋರಿಲ್ಲ. 2022ರ ಮೇ 15ಕ್ಕೆ ಬ್ಯಾಂಕಾಕ್ ಪಕ್ಕದ ಇಂಪ್ಯಾಕ್ಟ್ ಅರೆನಾದಲ್ಲಿ ಭಾರತ 14 ಸಲದ ಚಾಂಪಿಯನ್ ಇಂಡೋನೇಷ್ಯಾವನ್ನು 3-0ಯಿಂದ ಸೋಲಿಸಿ ಮೊದಲ ಬಾರಿಗೆ ಥಾಮಸ್ ಕಪ್ ಗೆದ್ದಿತು. ಮೊದಲ ಪಂದ್ಯ ಗೆದ್ದ ಲಕ್ಷ್ಯ ಸೇನ್ ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಹುಡುಗ. ಅದು ಆಕಸ್ಮಿಕ ಅಲ್ಲ. ಪ್ರಕಾಶ್ ಪಡುಕೋಣೆ ತಾವು ಗೆದ್ದ ಮೇಲೆ ಕಲಿಸೋಕೆ ನಿಂತರು. ಅವರ ನೆನಪು ಇನ್ನೊಬ್ಬರ ರ‍್ಯಾಕೆಟ್‌ನಲ್ಲಿ ಮುಂದುವರೀತು.

ಹಾಗಾದರೆ ನಾವೇನು ಮಾಡಬಹುದು? ದೊಡ್ಡದೇನೂ ಬೇಡ. ಕ್ರೀಡಾ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳ್ರಿ. ಆಡಿದವರು ಯಾರು? ಅವರಿಗೆ ಕಲಿಸಿದವರು ಯಾರು? ಅವರಿಗಿಂತ ಮುಂಚೆ ಅದೇ ದಾರಿಯಲ್ಲಿ ಹೋದವರು ಯಾರು? ಉತ್ತರ ಸಿಕ್ಕ ಮೇಲೆ ಮನೆಯ ಮಕ್ಕಳಿಗೆ ಹೇಳ್ರಿ. ನೀವು ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದರೆ, ರಿಲೇ ಓಡಿಸೋ ಮುಂಚೆ ಎರಡು ನಿಮಿಷ ಕೆನ್ನೆತ್ ಪೊವೆಲ್ ಕಥೆ ಹೇಳ್ರಿ. ಗೋಲ್ ಕಾಯೋ ಹುಡುಗಿಗೆ ಆಶಿಶ್ ಬಲ್ಲಾಳ್ ಹೆಸರು ಹೇಳ್ರಿ. ಊರ ಹಬ್ಬದ ಕಬಡ್ಡಿ, ವಾಲಿಬಾಲ್ ಪಂದ್ಯಕ್ಕೆ ರಾಜಕಾರಣಿಗಳ ಫೋಟೋ ಬ್ಯಾನರ್ ಹಾಕ್ತೀರಲ್ಲ, ಅದರ ಒಂದು ಮೂಲೆಯಲ್ಲಿ ನಿಮ್ಮೂರಿನ ಹಳೆಯ ಆಟಗಾರರ ಫೋಟೋಕ್ಕೂ ಜಾಗ ಕೊಡ್ರಿ. ಅವರು ಬದುಕಿದ್ದರೆ ಕರೆದು ಮೊದಲ ಸರ್ವ್ ಅವರಿಂದಲೇ ಹಾಕಿಸ್ರಿ.

ಮುಂದಿನ ಕಂತಿನಲ್ಲಿ ನಮ್ಮ ಏಳೂ ತಾಲೂಕಿನ ಗರಡಿ ಮನೆಗಳ ಬಗ್ಗೆ ಮಾತಾಡೋಣ. ನಿಮ್ಮೂರಿನ ಗರಡಿ ಈಗಲೂ ನಡೀತಿದೆಯೋ, ಬಾಗಿಲು ಹಾಕಿದೆಯೋ, ಅಲ್ಲಿ ಕಲಿಸಿದ ಉಸ್ತಾದರು ಯಾರು, ಒಂದು ಧ್ವನಿ ಸಂದೇಶದಲ್ಲಿ ಹೇಳಿ ಕಳಿಸ್ರಿ.