ಮಂಜು ಹೊಗೆಯನ್ನು ತೊಳೆಯಲ್ಲ

ಡಿಸೆಂಬರ್, ಜನವರಿಯ ಮುಂಜಾನೆ ತರಕಾರಿ ಕೊಡಲು ಮೈಸೂರಿನ ಕೃಷ್ಣಮೂರ್ತಿಪುರಂಗೆ ಹೋದಾಗೆಲ್ಲ ಗುಡಿಸಿ ಬೆಂಕಿ ಹಚ್ಚಿದ ತರಗೆಲೆಯ ವಾಸನೆ ಮೂಗಿಗೆ ಬಡಿಯುತ್ತೆ. ನಮ್ಮ ಹೊಲಗಳಲ್ಲಿ ಸುಡೋದು ಕಬ್ಬಿನ ತರಗು, ಅಷ್ಟೇ ವ್ಯತ್ಯಾಸ. ‘ಮಂಜಿದೆಯಲ್ಲ, ಹೊಗೆ ಅಡಗಿಬಿಡುತ್ತೆ’ ಅನ್ನೋರಿದ್ದಾರೆ. ಅಡಗಲ್ಲ, ರೂಪ ಬದಲಿಸುತ್ತೆ.

ಎಲೆ, ಕಡ್ಡಿಗೆ ಗಟ್ಟಿತನ ಕೊಡೋದು ಲಿಗ್ನಿನ್. ಅದು ಸುಟ್ಟಾಗ ಗ್ವಾಯಕಾಲ್‌ನಂಥ ಫೀನಾಲ್‌ಗಳು ಅನಿಲವಾಗಿ ಹೊರಬಂದು ಮಂಜಿನ ಹನಿಯಲ್ಲಿ ಕರಗುತ್ತವೆ. ಬಿಸಿಲು ಬಿದ್ದರೆ ಹನಿಯೊಳಗಿನ ಹೈಡ್ರೋಜನ್ ಪೆರಾಕ್ಸೈಡ್ ಒಡೆದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತೆ. ಅದು ಫೀನಾಲನ್ನು ಉತ್ಕರ್ಷಿಸುತ್ತೆ. ಹೆಚ್ಚಿದ ಬದನೆಕಾಯಿ ಕಪ್ಪಾಗುತ್ತಲ್ಲ, ಅದೂ ಫೀನಾಲ್‌ಗಳ ಉತ್ಕರ್ಷಣೆಯೇ. ಅಲ್ಲಿ ಕಿಣ್ವದ ಕೆಲಸ, ಇಲ್ಲಿ ಬಿಸಿಲಿನದು. ಹನಿಯಲ್ಲೂ ಕಂದು ವಸ್ತುಗಳು ಉಂಟಾಗುತ್ತವೆ, ಜೊತೆಗೆ ಪಾಲಕ್ ಸೊಪ್ಪಿನಲ್ಲಿರೋ ಅದೇ ಆಕ್ಸಾಲಿಕ್ ಆಮ್ಲ.

ಹೊತ್ತೇರಿದಂತೆ ನೀರು ಆರುತ್ತೆ, ಇವು ಆರಲ್ಲ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳಾಗಿ ಗಾಳಿಯಲ್ಲೇ ಉಳಿದು ಶ್ವಾಸಕೋಶದ ಆಳಕ್ಕೆ ಇಳೀತವೆ. ಇಟಲಿಯ ಪೋ ಕಣಿವೆಯಲ್ಲಿ ಸೌದೆ ಹೊಗೆ, ಮಂಜು ಸೇರಿ ಇಂಥ ಕಣಗಳಾಗೋದನ್ನ ವಿಜ್ಞಾನಿಗಳು ಅಳೆದು 2016ರಲ್ಲಿ ಪ್ರಕಟಿಸಿದರು.

ಹಾಗಾದ್ರೆ ಮಧ್ಯಾಹ್ನ ಸುಡೋಣ್ವಾ? ಬೇಡ. ಯಾವಾಗ ಸುಟ್ಟರೂ ತರಗಿನ ಸಾರಜನಕ ಬಹುಪಾಲು ಗಾಳಿಪಾಲು, ಆಮೇಲೆ ಅದನ್ನೇ ಅಂಗಡಿಯಿಂದ ದುಡ್ಡು ಕೊಟ್ಟು ತರಬೇಕು! ಕೂಳೆ ಕಬ್ಬಿದ್ದರೆ ತರಗನ್ನು ಸಾಲು ಬಿಟ್ಟು ಸಾಲು ಹಾಸಿ, ಮೇಲೆ ಸಗಣಿ ಬಗ್ಗಡ ಚಿಮುಕಿಸಿ. ಗೆದ್ದಲು ಕಾಟ ಇರೋ ಹೊಲವಾದ್ರೆ ಮೊದಲು ನೀರು ಕೊಟ್ಟು ಆಮೇಲೆ ಹಾಸಿ, ಹೊದಿಕೆ ಒಣಗಲು ಬಿಡಬೇಡಿ.