ಮುಳ್ಳೋಡಿಯ ಜೀಪು ಹತ್ತುವ ಮೊದಲು

ಮಳೆ ಬಿಟ್ಟ ಮರುದಿನ ಬೆಳಗ್ಗೆ ನಿಟ್ಟೆಯಲ್ಲಿ ಮೂಡು ದಿಕ್ಕಿಗೆ ಮುಖ ಮಾಡಿ ನಿಂತರೆ ಘಟ್ಟ ಒಂದು ಹೆಜ್ಜೆ ಹತ್ತಿರ ಬಂದ ಹಾಗೆ ಕಾಣುತ್ತದೆ. ಗದ್ದೆಯ ಆಚೆ, ತೆಂಗಿನ ತಲೆಗಳ ಮೇಲೆ, ಉದ್ದಕ್ಕೂ ನೀಲಿ ಗೋಡೆ. ಹುಟ್ಟಿದಂದಿನಿಂದ ನೋಡುತ್ತ ಬಂದ ಗೋಡೆ ಅದು. ಅದರ ಮೇಲೆ ಹೋಗಿ ನಿಲ್ಲಬೇಕು ಎಂದು ನನಗೆ ಅನಿಸಲು ಮೂವತ್ತು ವರ್ಷ ಬೇಕಾಯಿತು. ಆಮೇಲೆ ಹಲವು ಸಲ ಹೋಗಿದ್ದೇನೆ. ಈಗ ಮಳೆಗಾಲ ಇಳಿಮುಖವಾಗುವ ಹೊತ್ತಿಗೆ ಊರಿನ ಹುಡುಗರು, ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಬಂದು ಕೇಳುತ್ತಾರೆ: "ಕುದುರೆಮುಖಕ್ಕೆ ಹೋಗ್ಲಿಕ್ಕುಂಟು, ಏನೆಲ್ಲ ತಕೊಳ್ಬೇಕು?" ಅವರಿಗೆ ಬೇಕಾದದ್ದು ಸಾಮಾನಿನ ಪಟ್ಟಿ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅರ್ಧ ದಾರಿಯಲ್ಲಿ ಗೈಡ್ ವಾಪಸ್ ಹೋಗುವ ಎಂದರೆ ತಿರುಗಿ ಬರುತ್ತೀರಾ?" ಇದಕ್ಕೆ ಉತ್ತರ ಸಿಕ್ಕ ಮೇಲೆ ಶೂ, ಚೀಲದ ಮಾತು.

ದಾರಿ ದೂರದ್ದಲ್ಲ. ಕಾರ್ಕಳ, ಬಜಗೋಳಿ, ಮಾಳ; ಅಲ್ಲಿಂದ ಘಟ್ಟ ಏರಿ ಎಸ್.ಕೆ. ಬಾರ್ಡರ್. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ ಇನ್ನೂ ಆ ಹೆಸರಿನಲ್ಲಿ ಉಳಿದಿದೆ. ಶೃಂಗೇರಿಯ ದಾರಿ ಬಿಟ್ಟು ಕುದುರೆಮುಖ ಪಟ್ಟಣ ದಾಟಿದರೆ ಸಂಸೆ, ಬಾಳೆಗಲ್ಲು. ಬಾಳೆಗಲ್ಲಿನಿಂದ ಮುಳ್ಳೋಡಿಗೆ ಜೀಪು. ಕಲ್ಲು, ಕೊರಕಲು, ಹಳ್ಳ ದಾಟುವ ಆ ಆರೇಳು ಕಿಲೋಮೀಟರಿನಲ್ಲಿಯೇ ಮೊಬೈಲಿನ ಸಿಗ್ನಲ್ ಕಳಚಿಕೊಳ್ಳುತ್ತದೆ. ಬೆಳಗ್ಗೆ ನಿಟ್ಟೆಯಲ್ಲಿ ಚಹಾ ಕುಡಿದು ಹೊರಟವರು ಮಧ್ಯಾಹ್ನದೊಳಗೆ, ಕಾಲು ಉಳುಕಿದರೆ ಹೊತ್ತು ತರಲು ಜನ ಬೇಕಾಗುವ ಜಾಗದಲ್ಲಿರುತ್ತಾರೆ. ಊರಿಗೆ ಹತ್ತಿರ ಎಂಬ ಸಲಿಗೆ ಅಲ್ಲಿ ನಡೆಯುವುದಿಲ್ಲ.

ಶಿಖರದ ಎತ್ತರ 1,894 ಮೀಟರ್. ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ, ಒಂದೇ ಹಗಲಿನಲ್ಲಿ. ಮೇಲೆ ಟೆಂಟ್ ಹಾಕಲು ಬಿಡುವುದಿಲ್ಲ. ಹಿಂದಿನ ರಾತ್ರಿ ಮುಳ್ಳೋಡಿಯ ಅಥವಾ ಸಂಸೆಯ ಹೋಮ್‌ಸ್ಟೇಯಲ್ಲಿ ಮಲಗಿ, ಬೆಳಕು ಹರಿಯುವಾಗ ಹೊರಟು, ಸಂಜೆಗೆ ಇಳಿದಿರಬೇಕು. ಈ ಬೆಟ್ಟಕ್ಕೆ ಸಂಸೆ ಪರ್ವತ ಎಂಬ ಹೆಸರೂ ಇತ್ತು, ಸಂಸೆಯ ಕಡೆಯಿಂದ ಹತ್ತುತ್ತಿದ್ದರಿಂದ. ಕುದುರೆಯ ಮುಖ ಕಂಡದ್ದು ದೂರದಿಂದ ನೋಡಿದವರಿಗೆ.

ಮೊದಲ ಕೆಲಸ ಅನುಮತಿ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಸೇರಿದ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಅದಾದ ಬಳಿಕ ಸರ್ಕಾರ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಹೆಸರು ಹಚ್ಚಬೇಕು. ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿ. ಶನಿವಾರ, ಭಾನುವಾರ ಬೇಗ ತುಂಬುತ್ತವೆ, ಹಾಗಾಗಿ ಸಾಧ್ಯವಿದ್ದವರು ವಾರದ ನಡುವಿನ ದಿನ ನೋಡಲಿ. ಬೆಟ್ಟದ ಮೌನವೂ ಆಗಲೇ ಸಿಗುವುದು. ಹೆಸರು ಹಚ್ಚುವಾಗ ಕೊಟ್ಟ ಗುರುತಿನ ಚೀಟಿಯ ಮೂಲಪ್ರತಿ, ಅನುಮತಿಪತ್ರದ ಪ್ರಿಂಟ್ ಕೈಯಲ್ಲಿರಲಿ. ಸಿಗ್ನಲ್ ಇಲ್ಲದ ಕಡೆ ಮೊಬೈಲು ತೆರೆದು ತೋರಿಸುತ್ತೇನೆ ಎಂದರೆ ಆಗದು. ಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಬೆಟ್ಟದ ಆ ಒಣ ಹುಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರು ಒಂದು ಬೀಡಿಯ ಕಿಡಿಗೆ ಏಕೆ ಅಷ್ಟು ಹೆದರುತ್ತಾರೆ ಎಂದು ಕೇಳಲಾರರು.

ಮೈಯನ್ನು ಹದ ಮಾಡಿಕೊಳ್ಳಲು ಕನಿಷ್ಠ ಒಂದು ತಿಂಗಳು ಇಟ್ಟುಕೊಳ್ಳಿ. ನಮ್ಮವರಿಗೆ ಜಿಮ್ ಹುಡುಕುವ ಅಗತ್ಯವಿಲ್ಲ. ಕಾರ್ಕಳದ ಗೊಮ್ಮಟ ಬೆಟ್ಟ ಇದೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಬಾಹುಬಲಿಯ ಬಳಿಗೆ ಹೋಗುವ ಬಂಡೆಯ ಮೆಟ್ಟಿಲುಗಳನ್ನು ವಾರಕ್ಕೆ ನಾಲ್ಕು ದಿನ, ಬೆನ್ನಿಗೆ ಚೀಲ ಹಾಕಿಕೊಂಡು ಹತ್ತಿ ಇಳಿಯಿರಿ. ಚೀಲದಲ್ಲಿ ಎರಡು ಲೀಟರ್ ನೀರಿರಲಿ. ಹತ್ತುವುದಕ್ಕಿಂತ ಇಳಿಯುವುದನ್ನು ಗಮನಿಸಿ. ಕುದುರೆಮುಖದಲ್ಲಿ ಮೊಣಕಾಲು ಅಳುವುದು ಇಳಿಯುವಾಗ. ಕಾಪು ಕಡಲಬದಿಯ ಮೆತ್ತನೆ ಮರಳಿನಲ್ಲಿ ಒಂದು ಗಂಟೆ ನಡೆದರೆ ಪಾದದ ಗಂಟು ಗಟ್ಟಿಯಾಗುತ್ತದೆ. ನಾನು ಎರಡನ್ನೂ ಮಾಡುತ್ತೇನೆ, ಈಗಲೂ.

ಇನ್ನು ಕಾಲಿನ ವಿಷಯ, ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹೊಸ ಶೂ ಕೊಂಡು ನೇರ ಬೆಟ್ಟಕ್ಕೆ ಹೋಗಬೇಡಿ. ಹದಿನೈದು ದಿನ ಅಂಗಳ, ತೋಟ, ಪೇಟೆ ಎಲ್ಲ ಅದರಲ್ಲೇ ತಿರುಗಿ ಶೂ ನಿಮ್ಮ ಕಾಲಿನದಾಗಲಿ. ತಳದ ಅಚ್ಚು ಸವೆದ ಕ್ಯಾನ್ವಾಸ್ ಶೂ ಒದ್ದೆ ಹುಲ್ಲಿನಲ್ಲಿ ಸೋಪಿನ ಹಾಗೆ ಜಾರುತ್ತದೆ. ದಾರಿಯಲ್ಲಿ ಹಳ್ಳಗಳನ್ನು ನೀರಿಗಿಳಿದೇ ದಾಟಬೇಕು, ಆದ್ದರಿಂದ ಶೂ ಒದ್ದೆಯಾಗಿಯೇ ಆಗುತ್ತದೆ. ಒಂದು ಜೊತೆ ಒಣ ಕಾಲುಚೀಲವನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಒಳಗಿಡಿ, ಪ್ಲಾಸ್ಟಿಕ್ಕನ್ನು ಮನೆಗೇ ವಾಪಸ್ ತನ್ನಿ. ಜೀನ್ಸ್ ಬೇಡ. ಒದ್ದೆಯಾದ ಜೀನ್ಸ್‌ನಲ್ಲಿ ತೊಡೆ ಉಜ್ಜಿ ಹುಣ್ಣಾದ ಹುಡುಗನೊಬ್ಬ ಕಣ್ಣೀರು ಹಾಕಿಕೊಂಡು ಇಳಿದದ್ದನ್ನು ನೋಡಿದ್ದೇನೆ.

ಮಳೆಗಾಲಕ್ಕೆ ಇಂಬಳ ಇದ್ದೇ ಇದೆ. ಅದು ವಿಷದ್ದಲ್ಲ, ಕಚ್ಚಿದ್ದು ಗೊತ್ತಾಗುವುದೂ ಇಲ್ಲ, ರಕ್ತ ಮಾತ್ರ ನಿಲ್ಲಲು ಹೊತ್ತು ಹಿಡಿಯುತ್ತದೆ. ಮೊಣಕಾಲವರೆಗೆ ಬರುವ, ನೇಯ್ಗೆ ಒತ್ತಾದ ಬಟ್ಟೆಯ ಇಂಬಳದ ಕಾಲುಚೀಲ ಒಳ್ಳೆಯದು. ಮಲೆನಾಡಿನವರು ಸುಣ್ಣವನ್ನೋ ಹೊಗೆಸೊಪ್ಪನ್ನೋ ಹಚ್ಚಿಕೊಳ್ಳುತ್ತಾರೆ. ಗಾಬರಿಯಲ್ಲಿ ಕುಣಿದು ಕಾಲು ಜಾರಿಸಿಕೊಳ್ಳುವುದೇ ಇಂಬಳಕ್ಕಿಂತ ದೊಡ್ಡ ಅಪಾಯ. ಗಂಭೀರವಾಗಿ ನೋಡಬೇಕಾದದ್ದು ಮಂಗನ ಕಾಯಿಲೆ ಹರಡುವ ಉಣ್ಣೆಹುಳವನ್ನು, ಅಂದರೆ ಉಣುಗನ್ನು. ಆ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ; ಚಿಕ್ಕಮಗಳೂರಿನ ಮಲೆನಾಡಿಗೂ ಅದು ಹೊಸತಲ್ಲ. ಬೇಸಗೆಯ ಕಡೆಗೆ ವಾಲುವ ತಿಂಗಳುಗಳಲ್ಲಿ ಹೋಗುವವರು ತುಂಬುತೋಳಿನ ಅಂಗಿ ಹಾಕಿ, ತರಗೆಲೆಯ ಮೇಲೆ ಕೂರದೆ, ಇಳಿದ ಮೇಲೆ ಬಿಸಿನೀರಿನಲ್ಲಿ ಮೈ ತಿಕ್ಕಿ ತೊಳೆಯಬೇಕು. ಊರಿಗೆ ಬಂದ ಹತ್ತು ದಿನದೊಳಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.

ಬುತ್ತಿಯನ್ನು ಹೋಮ್‌ಸ್ಟೇಯವರೇ ಕಟ್ಟಿಕೊಡುತ್ತಾರೆ. ಮನೆಯಿಂದ ನಾನು ಒಯ್ಯುವುದು ಬೆಲ್ಲ, ನೆಲಗಡಲೆ, ಮತ್ತು ಉಪ್ಪು ಸಕ್ಕರೆ ಹಾಕಿದ ಪುನರ್ಪುಳಿ ಸಾರದ ಒಂದು ಸಣ್ಣ ಬಾಟಲಿ. ಶೋಲಾ ಕಾಡಿನಿಂದ ಹೊರಬಿದ್ದು ಬಿಸಿಲಿನ ಬೋಳು ಹುಲ್ಲುಗುಡ್ಡ ಹತ್ತುವಾಗ, ಹಳ್ಳದ ತಣ್ಣೀರಿನಲ್ಲಿ ಕದಡಿದ ಆ ಪುನರ್ಪುಳಿಯಷ್ಟು ಹಿತವಾದದ್ದನ್ನು ನಾನು ಕುಡಿದಿಲ್ಲ.

ಗೈಡ್ ಕಡ್ಡಾಯ ಎಂದಾಗ ಕೆಲವರು ಮುಖ ಸಿಂಡರಿಸುತ್ತಾರೆ, ದಾರಿ ಕಾಣುತ್ತದಲ್ಲ ಎನ್ನುತ್ತಾರೆ. ದಾರಿ ಕಾಣುವುದು ಮಂಜು ಇಲ್ಲದಾಗ. ದಾರಿಯ ಗುರುತಾದ ಒಂಟಿಮರ ದಾಟಿದ ಮೇಲೆ ಹುಲ್ಲಿನ ಏಣುಗಳು ಒಂದರ ಹಿಂದೆ ಒಂದು, ಎಲ್ಲವೂ ಒಂದೇ ತರ. ಮಂಜು ಮುಚ್ಚಿದರೆ ನಾಲ್ಕು ಮಾರು ಮುಂದಿನ ಮನುಷ್ಯ ಇಲ್ಲವಾಗುತ್ತಾನೆ. ಗೈಡ್‌ಗಳು ಅಲ್ಲಿನವರು, ದನ ಮೇಯಿಸಲು, ಜೇನಿಗೆ, ತೋಟದ ಕೆಲಸಕ್ಕೆ ಅದೇ ಇಳಿಜಾರಿನಲ್ಲಿ ನಡೆದು ಬೆಳೆದವರು. ಕಾಟಿ ಹೊರಳಿದ ಜಾಗ, ನೀರು ಏರುವ ಹಳ್ಳ, ಸಿಡಿಲಿಗೆ ತೆರೆದುಕೊಂಡ ಏಣು ಅವರಿಗೆ ಗೊತ್ತು. ಅವರ ಹೆಸರು ಕೇಳಿ ತಿಳಿದುಕೊಳ್ಳಿ, ಬುತ್ತಿ ಹಂಚಿಕೊಂಡು ತಿನ್ನಿ, ಅವರ ನಡಿಗೆಯ ಲಯಕ್ಕೆ ನಿಮ್ಮ ಉಸಿರನ್ನು ಹೊಂದಿಸಿ. ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಗೈಡ್‌ನ ಹಿಂದೆಯೇ ಇರಲಿ.

ಹೋಗುವ ಮುಂಚೆ ಆ ಬೆಟ್ಟದ ಕತೆಯನ್ನೂ ಸ್ವಲ್ಪ ತಿಳಿದುಕೊಂಡು ಹೋಗಿ ಎನ್ನುವುದು ನನ್ನ ಹಟ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಗುರುತಾದ ಈ ಕಾಡಿನ ನಡುವೆಯೇ ಕಬ್ಬಿಣದ ಅದಿರು ತೆಗೆಯುತ್ತಿದ್ದರು; ಅದಿರಿನ ಕೆಸರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿದು ಬರುತ್ತಿತ್ತು. ಜನ ವರ್ಷಗಟ್ಟಲೆ ಹೋರಾಡಿದರು, ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ತುಂಗಾ, ಭದ್ರಾ, ನೇತ್ರಾವತಿ ಇಲ್ಲಿಯ ಗಂಗಾಮೂಲದಲ್ಲಿ ಹುಟ್ಟುತ್ತವೆ. ಮಾಳದ ಕಡೆಯ ಘಟ್ಟದಿಂದ ಇಳಿಯುವ ಸ್ವರ್ಣೆಯ ನೀರನ್ನು ಬಜೆಯಲ್ಲಿ ತಡೆದು ಉಡುಪಿ, ಮಣಿಪಾಲದವರು ಕುಡಿಯುತ್ತಾರೆ. ಆ ಹುಲ್ಲು ಹಿಡಿದಿಟ್ಟ ಮಳೆಯೇ ನಮ್ಮ ನಲ್ಲಿಯಲ್ಲಿ ಬರುತ್ತಿದೆ ಎಂದು ಗೊತ್ತಿರುವವರು ಚಿಪ್ಸ್ ಪೊಟ್ಟಣವನ್ನು ಅಲ್ಲಿ ಬಿಟ್ಟು ಬರುವುದಿಲ್ಲ ಎಂದು ನಂಬಿದ್ದೇನೆ.

ಮೊದಲು ಹೇಳಿದ ಪ್ರಶ್ನೆಗೆ ಬರುತ್ತೇನೆ. ಒಂದು ಸೆಪ್ಟೆಂಬರಿನಲ್ಲಿ ನಾವು ಆರು ಮಂದಿ ಹೋಗಿದ್ದೆವು. ಶಿಖರಕ್ಕೆ ಇನ್ನು ಮುಕ್ಕಾಲು ಗಂಟೆ ಇರಬಹುದು, ಗಾಳಿ ಹಠಾತ್ತನೆ ತಿರುಗಿತು. ಗೈಡ್ ನಿಂತ. ನೆಲ ನೋಡಿದ, ಬೆಟ್ಟದ ನೆತ್ತಿ ನೋಡಿದ. "ಸಾಕು ಸಾರ್, ವಾಪಸ್ ಹೋಗಣ" ಎಂದ. ನಮ್ಮಲ್ಲೊಬ್ಬ, ಇಷ್ಟು ದೂರ ಬಂದು ಹೇಗೆ ಬಿಡುವುದು ಎಂದ. ಗೈಡ್ ವಾದಕ್ಕಿಳಿಯಲಿಲ್ಲ, ಇಳಿಯತೊಡಗಿದ. ನಾವೂ ಹಿಂಬಾಲಿಸಿದೆವು. ಹಿಂದಿನ ದಿನ ರಾತ್ರಿಯೇ ಒಲೆಯ ಮುಂದೆ ಕುಳಿತು, ಅವನ ಮಾತೇ ಕೊನೆಯ ಮಾತು ಎಂದು ಆರು ಜನರೂ ಒಪ್ಪಿಕೊಂಡಿದ್ದೆವು. ಆ ಒಪ್ಪಂದ ಇಲ್ಲದಿದ್ದರೆ ನಾನೇ ಹಟ ಹಿಡಿಯುತ್ತಿದ್ದೆನೇನೋ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ಕೊನೆಯ ಹಳ್ಳ, ನಾವು ಬರುವಾಗ ತೊಡೆಯವರೆಗೆ ಕೆಂಪಗೆ ಹರಿಯುತ್ತಿತ್ತು. ಗೈಡ್ ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಿ, ಕೊನೆಗೆ ತಾನು ದಾಟಿದ.

"ಡಿಸೆಂಬರಿಗೆ ಬನ್ನಿ, ಸಮುದ್ರ ಕಾಣ್ತದೆ" ಎಂದಿದ್ದ. ಹೋದೆವು. ಆಕಾಶ ತೊಳೆದಿಟ್ಟ ಹಾಗಿತ್ತು. ನೆತ್ತಿಯ ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಕಾಡು ಇಳಿಯುತ್ತಾ ಹೋಗಿ ಹಸಿರು ಮಸುಕಾಗಿ, ಅದರಾಚೆ ಬೆಳ್ಳಗೆ ಒಂದು ಗೆರೆ. ಗೈಡ್ ಪಕ್ಕಕ್ಕೆ ಬಂದು ಕೇಳಿದ, "ನಿಮ್ಮೂರು ಯಾವ ಕಡೆ ಸಾರ್?" ಕೈ ಎತ್ತಿದೆ. ಊರಿನ ಅಂಗಳದಿಂದ ಈ ಬೆಟ್ಟವನ್ನು ಎಷ್ಟೋ ಸಲ ಬೆರಳು ಮಾಡಿ ತೋರಿಸಿದ್ದ ನನಗೆ, ಇಲ್ಲಿಂದ ನಿಟ್ಟೆ ಎಲ್ಲಿ ಎಂದು ತೋರಿಸಲು ಬೆರಳು ನಿಲ್ಲಲಿಲ್ಲ. ಅವನು ನನ್ನ ಮಣಿಕಟ್ಟು ಹಿಡಿದು ಸ್ವಲ್ಪ ಬಲಕ್ಕೆ ಸರಿಸಿದ. "ಕಾರ್ಕಳ ಅಲ್ಲಿ" ಎಂದ.